ಕುಂಬಳಕಾಯಿ ಒಡೆಯುವ ದಿನ ಗಲ್ಲಾಪೆಟ್ಟಿಗೆಯಲ್ಲಿ ಎಷ್ಟಿರಬೇಕು?

ಷೂಟಿಂಗಿನ ಕೊನೇ ಷಾಟ್ ಓಕೆ ಆಯ್ತು ಅಂದ್ರೆ ಕುಂಬಳಕಾಯಿ ಒಡೀತಾರೆ. ಲೈಟ್‌ಬಾಯ್‌ನಿಂದ ಹಿಡಿದು ನಾಯಕನವರೆಗೆ ಎಲ್ಲರಿಗೂ ಗೊತ್ತಾಗಿಬಿಡುತ್ತೆ, ಈ ಚಿತ್ರದ ಕೆಲಸ ಇಲ್ಲಿಗೆ ಮುಗೀತು ಅಂತ. ಆದರೆ ಒಬ್ಬ ಮನುಷ್ಯನ ದುಡಿಮೆಗೆ ಕುಂಬಳಕಾಯಿ ಒಡೆಯೋದು ಯಾವಾಗ?

ಸರ್ಕಾರಿ ನೌಕರನಿಗೆ ಆ ತಾರೀಖು ಕೆಲಸಕ್ಕೆ ಸೇರಿದ ದಿನವೇ ಗೊತ್ತು. ಕರ್ನಾಟಕ ಸರ್ಕಾರದ ನೌಕರಿಯಾದರೆ 60 ತುಂಬಿದ ತಿಂಗಳ ಕೊನೆಗೆ ಒಂದು ಹಾರ, ಒಂದು ಶಾಲು, ಒಂದು ಗ್ರೂಪ್ ಫೋಟೋ. ಆದರೆ ನಟನಿಗೆ? ಫೈಟರ್‌ಗೆ? ಆಟೋ ಓಡಿಸುವವನಿಗೆ? ಗ್ಯಾರೇಜಿನ ಮೆಕ್ಯಾನಿಕ್‌ಗೆ? ಇವರಿಗೆಲ್ಲ ಯಾರೂ ಹಾರ ಹಾಕಲ್ಲ ಸ್ವಾಮಿ. ಕಾಲ್‌ಷೀಟ್ ಕೇಳಿಕೊಂಡು ಬರೋರು ಬರೋದು ನಿಲ್ಲಿಸ್ತಾರೆ. ಅಷ್ಟೇ! ಅದೇ ನಿವೃತ್ತಿ.

"ಇದೇನಪ್ಪಾ, ಸಿನಿಮಾ ಪತ್ರಿಕೆಯಲ್ಲಿ ಪಿಂಚಣಿ ಪುರಾಣ!" ಅಂತ ಪುಟ ತಿರುವಬೇಡಿ ಅಭಿಮಾನಿ ಮಿತ್ರರೇ. ಕೈಗೆ ಬಂದ ದುಡ್ಡು ಹೇಗೆ ಹೋಗುತ್ತೆ, ಹೇಗೆ ನಿಲ್ಲುತ್ತೆ ಅನ್ನೋದನ್ನು ಸಿನಿಮಾದವರ ಬದುಕು ತೋರಿಸಿದಷ್ಟು ಚೆನ್ನಾಗಿ ಬೇರೆ ಯಾವ ಲೆಕ್ಕದ ಪುಸ್ತಕವೂ ತೋರಿಸಲಾರದು. ಸರದಿಯಂತೆ ನೋಡೋಣ ಬನ್ನಿ.

ಏಳು ಕಾರಿನ ಸರದಾರ

ಬೊಂಬಾಯಿಯ ಭಗವಾನ್ ದಾದಾ ಹೆಸರು ಕೇಳಿದ್ದೀರಾ? ಬಟ್ಟೆ ಗಿರಣಿ ಕಾರ್ಮಿಕನ ಮಗ. ಗಿಡ್ಡ ಆಳು, ದುಂಡು ಮೈ. ಕುಣಿದರೆ ಮಾತ್ರ ಥಿಯೇಟರೇ ಕುಣೀತಿತ್ತು. 1951ರಲ್ಲಿ ತಾವೇ ನಿರ್ಮಿಸಿ, ನಿರ್ದೇಶಿಸಿ, ನಟಿಸಿದ 'ಅಲ್‌ಬೇಲಾ' ಭರ್ಜರಿಯಾಗಿ ಓಡಿತು. ಜುಹೂ ಕಡಲ ದಂಡೆ ಹತ್ತಿರ 25 ಕೋಣೆಗಳ ಬಂಗಲೆ, ವಾರದ ಒಂದೊಂದು ದಿನಕ್ಕೆ ಒಂದೊಂದು ಅಂತ ಏಳು ಕಾರು ಇತ್ತು ಅಂತ ಚಿತ್ರರಂಗದವರು ಇವತ್ತಿಗೂ ಹೇಳ್ತಾರೆ.

ಆಮೇಲೆ ಏನಾಯ್ತು? ಗೆದ್ದ ದುಡ್ಡನ್ನೆಲ್ಲ ಮತ್ತೆ ಸ್ವಂತ ಚಿತ್ರಕ್ಕೇ ಸುರಿದರು. ಒಂದಾದ ಮೇಲೊಂದು ಸೋತವು. ಬಂಗಲೆ ಹೋಯ್ತು, ಕಾರುಗಳು ಹೋದವು. ದಾದರಿನ ಚಾಳಿನ ಸಣ್ಣ ಮನೆಗೆ ವಾಪಸ್ ಬಂದರು. ಹೊಟ್ಟೆಪಾಡಿಗೆ ಚಿಕ್ಕಪುಟ್ಟ ಪಾತ್ರ ಮಾಡಿದರು. 2002ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರಿಗೆ 88 ವರ್ಷ.

ಇಲ್ಲಿ ಕಣ್ಣೀರು ಹಾಕೋದಕ್ಕಿಂತ ಲೆಕ್ಕ ಹಾಕೋದು ಮುಖ್ಯ. 'ಅಲ್‌ಬೇಲಾ' ಗೆದ್ದಾಗ ದಾದಾಗೆ 38. ಅಲ್ಲಿಂದಾಚೆ ಇನ್ನೂ 50 ವರ್ಷ ಬದುಕಿದ್ದರು! ಒಂದು ಚಿತ್ರದ ಗೆಲುವು 50 ವರ್ಷ ಅನ್ನ ಹಾಕಬೇಕಿತ್ತು. ಆ 50 ವರ್ಷಕ್ಕೆ ಅಂತ ಪಕ್ಕಕ್ಕೆ ಎತ್ತಿಟ್ಟಿದ್ದು ಉಳಿದಿರಲಿಲ್ಲ. ಸಾಮಾನ್ಯವಾಗಿ ನಾವು "ಎಷ್ಟು ದುಡಿದ?" ಅಂತ ಕೇಳ್ತೀವಿ. ಕೇಳಬೇಕಾದ ಪ್ರಶ್ನೆ "ಎಷ್ಟು ವರ್ಷ ತಿನ್ನಬೇಕು?" ಅನ್ನೋದು.

ಎಲ್ಲರಿಗೂ 'ಆಪ್ತಮಿತ್ರ' ಸಿಗಲ್ಲ

ದೂರದ ಬೊಂಬಾಯಿ ಯಾಕೆ, ನಮ್ಮ ಕರ್ನಾಟಕದ ಕುಳ್ಳ ದ್ವಾರಕೀಶ್ ಅವರನ್ನೇ ನೋಡಿ. ಹುಣಸೂರಿನ ಹುಡುಗ. ಚಿತ್ರರಂಗಕ್ಕೆ ಬರುವ ಮುಂಚೆ ಮೈಸೂರಿನಲ್ಲಿ ವಾಹನಗಳ ಬಿಡಿಭಾಗದ ವ್ಯಾಪಾರ. 1969ರಲ್ಲಿ ಡಾ. ರಾಜ್ ಅವರನ್ನು ಹಾಕಿಕೊಂಡು 'ಮೇಯರ್ ಮುತ್ತಣ್ಣ' ತೆಗೆದಾಗ ವಯಸ್ಸು ಇನ್ನೂ 27! ಎಂಥಾ ಎದೆಗಾರಿಕೆ! ಆಮೇಲೆ ಗೆಲುವೂ ಉಂಟು, ಹೊಡೆತವೂ ಉಂಟು. ಸೋತಾಗ ಸಾಲ ತೀರಿಸಲು ಒಂದಾದ ಮೇಲೊಂದು ಮನೆ ಮಾರಿದ್ದನ್ನು ಅವರೇ ಮುಚ್ಚುಮರೆ ಇಲ್ಲದೆ ಹೇಳಿಕೊಂಡಿದ್ದರು. ಕೊನೆಗೆ 2004ರಲ್ಲಿ ವಿಷ್ಣುವರ್ಧನ್ ಜತೆ 'ಆಪ್ತಮಿತ್ರ' ಬಂತು, ಕೈ ಹಿಡಿಯಿತು. ಆಗ ಅವರಿಗೆ 62.

ಸರ್ಕಾರಿ ನೌಕರ ಮನೆಗೆ ಹೋಗಿ ಎರಡು ವರ್ಷ ಆಗಿರುವ ವಯಸ್ಸು ಅದು! ದ್ವಾರಕೀಶ್ ಗಟ್ಟಿಗರು, ಆ ವಯಸ್ಸಿನಲ್ಲೂ ಎದ್ದು ನಿಂತರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಇಡೀ ಗಾಂಧಿನಗರ ಕಣ್ಣು ಒರೆಸಿಕೊಂಡಿತು. ಆದರೆ ಮಿತ್ರರೇ, 62ರಲ್ಲಿ ಎಲ್ಲರಿಗೂ ಒಂದು 'ಆಪ್ತಮಿತ್ರ' ಕಾದು ಕೂತಿರಲ್ಲ. ಲೈಟ್‌ಬಾಯ್‌ಗಂತೂ ಖಂಡಿತ ಇಲ್ಲ.

"ಬೇಡ" ಅನ್ನೋರು ಒಬ್ಬರಿರಬೇಕು

ಈಗ ಇನ್ನೊಂದು ಮಗ್ಗಲು. 1954ರ 'ಬೇಡರ ಕಣ್ಣಪ್ಪ'ದಿಂದ 2000ದ 'ಶಬ್ದವೇದಿ'ವರೆಗೆ ಅಣ್ಣಾವ್ರು ನಾಯಕರಾಗಿಯೇ ಉಳಿದರು. ಅಣ್ಣಾವ್ರ ಅಭಿನಯದ ಬಗ್ಗೆ ಸಾವಿರ ಪುಟ ಬರೆದಿದ್ದಾರೆ. ಆದರೆ ಆ ಮನೆಯ ಹಣಕಾಸು ನಿಂತಿದ್ದು ಯಾರ ಕೈಯಲ್ಲಿ? ಪಾರ್ವತಮ್ಮನವರ ಕೈಯಲ್ಲಿ. 1975ರ 'ತ್ರಿಮೂರ್ತಿ'ಯಿಂದ ಅವರೇ ನಿರ್ಮಾಪಕಿ. ಕಥೆ ಯಾವುದು, ಖರ್ಚು ಎಷ್ಟು, ಬಿಡುಗಡೆ ಯಾವಾಗ, ಎಲ್ಲದರ ಮೇಲೂ ಅಮ್ಮನವರ ಕಣ್ಣು. ನಟಿಸೋರು ಒಬ್ಬರು, ಲೆಕ್ಕ ನೋಡೋರು ಇನ್ನೊಬ್ಬರು! ದುಡಿಯೋನಿಗೆ "ಬೇಡ ಕಣ್ರೀ" ಅಂತ ಹೇಳೋ ಒಂದು ದನಿ ಮನೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಇನ್ಷೂರೆನ್ಸ್ ಇಲ್ಲ.

ಲೀಲಾವತಿಯವರ ದಾರಿ ಬೇರೆ. ನೆಲಮಂಗಲ ಹತ್ತಿರದ ಸೋಲದೇವನಹಳ್ಳಿಯಲ್ಲಿ ಜಮೀನು ಮಾಡಿ, ಮಗ ವಿನೋದ್ ರಾಜ್ ಜತೆ ಬೇಸಾಯಕ್ಕೆ ಇಳಿದರು. ಊರಿನವರಿಗೆ ಅಂತ ಆಸ್ಪತ್ರೆ ಕಟ್ಟಿಸಿದರು. 2023ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ನೆಲ ಇತ್ತು, ನೆಲೆ ಇತ್ತು. ಬಣ್ಣದ ಲೋಕ ಕರೆಯದಿದ್ದರೂ ಬೆಳಗ್ಗೆ ಎದ್ದರೆ ಮಾಡೋಕೆ ಕೆಲಸ ಇತ್ತು. ನಿವೃತ್ತಿ ಅಂದ್ರೆ ಸುಮ್ಮನೆ ಕೂರೋದು ಅಂತ ಯಾರು ಹೇಳಿದ್ದು? ಇನ್ನೊಬ್ಬರ ಫೋನಿಗೆ ಕಾಯದೆ ಬದುಕೋದೇ ನಿವೃತ್ತಿ.

ಹಾಗಾದರೆ ಎಷ್ಟಿರಬೇಕು?

ಈಗ ಬರೋಣ ಮುಖ್ಯ ಕಥೆಗೆ. ಇವತ್ತು 60 ತುಂಬಿದ ಒಬ್ಬರು ಇದ್ದಾರೆ ಅಂತ ಇಟ್ಕೊಳ್ಳಿ, ನಿಮ್ಮ ತಂದೆಯವರೇ ಅಂದುಕೊಳ್ಳಿ. ಸ್ವಂತ ಸೂರು ಇದೆ. ಮನೆ ಖರ್ಚು ತಿಂಗಳಿಗೆ 20,000 ರೂಪಾಯಿ. ವರ್ಷಕ್ಕೆ 2 ಲಕ್ಷ 40 ಸಾವಿರ.

1994ರಲ್ಲಿ ಅಮೆರಿಕದ ವಿಲಿಯಂ ಬೆಂಗೆನ್ ಅನ್ನೋ ಹಣಕಾಸು ಸಲಹೆಗಾರ ಅಲ್ಲಿಯ ಹಳೇ ಮಾರುಕಟ್ಟೆ ಲೆಕ್ಕವನ್ನೆಲ್ಲ ಜಾಲಾಡಿ ಒಂದು ಸೂತ್ರ ಕೊಟ್ಟ. ಕೂಡಿಟ್ಟ ದುಡ್ಡಿನಲ್ಲಿ ಮೊದಲ ವರ್ಷ ನೂರಕ್ಕೆ 4 ರೂಪಾಯಿ ತೆಗೆದು ಖರ್ಚು ಮಾಡು, ಮುಂದಿನ ವರ್ಷಗಳಲ್ಲಿ ಬೆಲೆ ಏರಿದಷ್ಟೇ ಅದನ್ನು ಏರಿಸು, 30 ವರ್ಷ ಗಂಟು ಕರಗಲ್ಲ ಅಂತ. ತಿರುಗಿಸಿ ಹೇಳಿದರೆ, ವರ್ಷದ ಖರ್ಚಿನ 25 ಪಟ್ಟು ಕೈಯಲ್ಲಿರಬೇಕು. ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ ಬೆಲೆಗಳು ಅಲ್ಲಿಗಿಂತ ಜೋರಾಗಿ ಓಡುತ್ತವೆ. ಹಾಗಾಗಿ 30 ಪಟ್ಟು ಅಂತ ಹಿಡಿಯೋದು ಕ್ಷೇಮ. 20,000ದ ಮನೆಗೆ 25 ಪಟ್ಟು ಅಂದ್ರೆ 60 ಲಕ್ಷ, 30 ಪಟ್ಟು ಅಂದ್ರೆ 72 ಲಕ್ಷ.

ಎದೆ ಧಸಕ್ ಅಂತಾ? ತಾಳಿ. "ಅಷ್ಟೆಲ್ಲ ಯಾಕೆ? ಬ್ಯಾಂಕಿನ ಬಡ್ಡಿಯಲ್ಲೇ ಬದುಕಬಹುದಲ್ಲ?" ಅಂತ ಕೇಳೋರಿದ್ದಾರೆ. ಕೇಳಿ. 60 ದಾಟಿದವರಿಗೆ ಅಂತ ಪೋಸ್ಟ್ ಆಫೀಸಿನಲ್ಲೂ ಬ್ಯಾಂಕಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. 2004ರಲ್ಲಿ ಶುರುವಾಗಿದ್ದು. 2023ರ ಏಪ್ರಿಲ್‌ನಿಂದ ಒಬ್ಬರು 30 ಲಕ್ಷದವರೆಗೆ ಇಡಬಹುದು. ಆಗಿನಿಂದ 2025ರ ಉದ್ದಕ್ಕೂ ಬಡ್ಡಿ ಶೇ. 8.2 ಇತ್ತು. ಆ ದರದಲ್ಲಿ 30 ಲಕ್ಷಕ್ಕೆ ವರ್ಷಕ್ಕೆ 2,46,000, ತಿಂಗಳ ಲೆಕ್ಕಕ್ಕೆ 20,500 ರೂಪಾಯಿ. ಆಹಾ, ಖರ್ಚಿಗೆ ಸರಿಹೋಯ್ತಲ್ಲ! ಶುಭಂ ಬೋರ್ಡ್ ಹಾಕಿಬಿಡೋಣವೇ?

ಹಾಕಬೇಡಿ. ಇದು ಇಂಟರ್‌ವಲ್ ಅಷ್ಟೇ. ಒಂದು ಸುಲಭದ ಗಣಿತ ಹೇಳ್ತೀನಿ. 72ನ್ನು ಬೆಲೆ ಏರಿಕೆಯ ಪ್ರಮಾಣದಿಂದ ಭಾಗಿಸಿ. ಬೆಲೆಗಳು ವರ್ಷಕ್ಕೆ ಶೇ. 6 ಏರಿದರೆ 72ರಲ್ಲಿ 6 ಎಷ್ಟು ಸಲ? ಹನ್ನೆರಡು. ಅಂದ್ರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ಇವತ್ತು 20,000ಕ್ಕೆ ನಡೆಯುವ ಮನೆಗೆ ಅಪ್ಪನಿಗೆ 72 ಆದಾಗ 40,000 ಬೇಕು, 84 ಆದಾಗ 80,000. ಬಡ್ಡಿ ಮಾತ್ರ ಅದೇ 20,500ರ ಸುತ್ತ! ಮೊದಲರ್ಧ ಸೂಪರ್ ಹಿಟ್, ದ್ವಿತೀಯಾರ್ಧ ಖಾಲಿ ಕುರ್ಚಿ.

ಮ್ಯಾಟಿನಿ, ಫಸ್ಟ್ ಷೋ, ಸೆಕೆಂಡ್ ಷೋ

ಅದಕ್ಕೇ ಗಂಟನ್ನು ಮೂರು ಆಟಕ್ಕೆ ಹಂಚಬೇಕು. ಆ 72 ಲಕ್ಷವನ್ನೇ ತಗೊಳ್ಳಿ.

ಮ್ಯಾಟಿನಿ ದುಡ್ಡು: ಮೂರು ವರ್ಷದ ಖರ್ಚು, ಏಳು ಲಕ್ಷ ಚಿಲ್ಲರೆ, ಬ್ಯಾಂಕಿನಲ್ಲಿ. ಛಾವಣಿ ಸೋರಿದರೂ, ಯಾರಾದರೂ ಹುಷಾರು ತಪ್ಪಿದರೂ ತಕ್ಷಣ ಕೈಗೆ ಸಿಗಬೇಕು. ಒಂದೇ ಬ್ಯಾಂಕಿನಲ್ಲಿ ಬೇಡ. ಬ್ಯಾಂಕ್ ಮುಳುಗಿದರೆ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆ ಅಂತ 2020ರ ಫೆಬ್ರವರಿಯಲ್ಲಿ ನಿಗದಿ ಮಾಡಿದರು. ಅದಕ್ಕೂ ಮುಂಚೆ ಬರೀ 1 ಲಕ್ಷ ಇತ್ತು.

ಫಸ್ಟ್ ಷೋ ದುಡ್ಡು: 30 ಲಕ್ಷ, ಹಿರಿಯ ನಾಗರಿಕರ ಯೋಜನೆಯಲ್ಲಿ. ಅವಧಿ 5 ವರ್ಷ, ಇನ್ನೂ 3 ವರ್ಷ ಮುಂದುವರಿಸಬಹುದು. ಇಟ್ಟ ದಿನದ ದರ 5 ವರ್ಷ ಕದಲಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತೆ. ಮನೆ ನಡೆಯೋದು ಇದರಿಂದ.

ಸೆಕೆಂಡ್ ಷೋ ದುಡ್ಡು: ಉಳಿದ ಸುಮಾರು 35 ಲಕ್ಷ. ಇದು ಹತ್ತು ಹನ್ನೆರಡು ವರ್ಷದ ಆಚೆಗೆ. ಇದು ಬೆಳೀಬೇಕು, ಬೆಲೆ ಏರಿಕೆಗಿಂತ ಒಂದು ಹೆಜ್ಜೆ ಮುಂದೆ ಓಡಬೇಕು. ಷೇರು ಮಾರುಕಟ್ಟೆಯ ಸೂಚ್ಯಂಕವನ್ನೇ ಹಿಂಬಾಲಿಸುವ ಮ್ಯೂಚುಯಲ್ ಫಂಡ್‌ನಂಥದ್ದು ಇದಕ್ಕೆ. ಏರಿಳಿತ ಇದ್ದೇ ಇರುತ್ತೆ. ಮಾರುಕಟ್ಟೆ ಬಿದ್ದ ವರ್ಷ ಇದಕ್ಕೆ ಕೈ ಹಾಕಬಾರದು. ಕೈ ಹಾಕದೆ ಇರೋಕೆ ಅಂತಲೇ ಮ್ಯಾಟಿನಿ ದುಡ್ಡು ಇರೋದು! ಬಿದ್ದಾಗ ಮಾರಿದವನು ಸತ್ತ, ಕಾದವನು ಉಳಿದ.

ಇನ್ನು ಕುಂಬಳಕಾಯಿ ಒಡೆಯುವ ಮುಂಚೆ ಮೂರು ಪರೀಕ್ಷೆ. ಒಂದು, ಸಾಲ ಸೊನ್ನೆ ಆಗಿದೆಯಾ? ಎರಡು, ಆಸ್ಪತ್ರೆಗೆ ಬೇರೆ ವ್ಯವಸ್ಥೆ ಇದೆಯಾ? ಮೂರು, ಆರು ತಿಂಗಳು ರಿಹರ್ಸಲ್. ಸಂಬಳ ಬರುತ್ತಿದ್ದರೂ ಅದನ್ನು ಮುಟ್ಟದೆ, ಮುಂದೆ ಬರುವ ಬಡ್ಡಿಯಷ್ಟರಲ್ಲೇ ಮನೆ ನಡೆಸಿ ನೋಡಿ. ನಡೆದರೆ ಕೆಲಸ ಬಿಡಿ. ನಡೆಯದಿದ್ದರೆ ಇನ್ನೊಂದೆರಡು ವರ್ಷ ದುಡಿಯೋದರಲ್ಲಿ ಅವಮಾನ ಏನೂ ಇಲ್ಲ. ಎರಡು ವರ್ಷ ಜಾಸ್ತಿ ದುಡಿದರೆ ಗಂಟೂ ಬೆಳೆಯುತ್ತೆ, ಅದು ತಾಳಬೇಕಾದ ವರ್ಷಗಳೂ ಕಮ್ಮಿ ಆಗ್ತವೆ. ಒಂದೇ ಕಲ್ಲಿಗೆ ಎರಡು ಹಣ್ಣು!

ಇಪ್ಪತ್ತನಾಲ್ಕರ ಹೀರೋ, ನಿನ್ನ ಪಾಡೇನು?

ಇದೆಲ್ಲ ಅಪ್ಪನ ಲೆಕ್ಕ ಆಯ್ತು. ಈಗ ನಿನ್ನದು ಗುರೂ. ನಿನಗೆ 24 ಅಂತ ಇಟ್ಕೋ. 60ಕ್ಕೆ ಇನ್ನು 36 ವರ್ಷ. 12 ವರ್ಷದ ಮೂರು ರೀಲು. ಇವತ್ತಿನ 20,000 ಮೊದಲ ರೀಲಿಗೆ 40,000, ಎರಡನೇದಕ್ಕೆ 80,000, ಮೂರನೇದಕ್ಕೆ 1 ಲಕ್ಷ 60 ಸಾವಿರ! ತಿಂಗಳಿಗೆ! ಅದರ 25 ಪಟ್ಟು ಗಂಟು ಅಂದ್ರೆ 4 ಕೋಟಿ 80 ಲಕ್ಷ.

ನಗಬೇಡ, ಹೆದರಲೂಬೇಡ. ತಿಂಗಳಿಗೆ 2,000 ರೂಪಾಯಿ ಎತ್ತಿಡುತ್ತಾ ಹೋಗು. ಅದು ವರ್ಷಕ್ಕೆ ಶೇ. 10 ಬೆಳೆದರೆ (ಬೆಳೆದೇ ತೀರುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ) 36 ವರ್ಷಕ್ಕೆ ಸುಮಾರು 75 ಲಕ್ಷ. "ಮದುವೆ ಆಗಲಿ, ಆಮೇಲೆ ನೋಡೋಣ" ಅಂತ ಹತ್ತು ವರ್ಷ ತಳ್ಳಿದರೆ? ಬರೀ 27 ಲಕ್ಷ! ಹತ್ತು ವರ್ಷದಲ್ಲಿ ನೀನು ಕೈಯಿಂದ ಉಳಿಸಿಕೊಂಡಿದ್ದು 2 ಲಕ್ಷ 40 ಸಾವಿರ. ಕಳಕೊಂಡಿದ್ದು 48 ಲಕ್ಷ. ಅದೇ 2,000ವನ್ನು ಪ್ರತಿ ವರ್ಷ ಹತ್ತರಲ್ಲಿ ಒಂದು ಪಾಲು ಏರಿಸುತ್ತಾ ಹೋದರೆ, ಅಂದರೆ ಮುಂದಿನ ವರ್ಷ 2,200, ಆಮೇಲೆ 2,420, ಹೀಗೆ ಹೋದರೆ, ಕೊನೆಗೆ ಎರಡೂವರೆ ಕೋಟಿ. ಬೇಕಾದ್ದರಲ್ಲಿ ಅರ್ಧ ದಾಟಿತು. ಮಿಕ್ಕರ್ಧಕ್ಕೆ ಸ್ವಂತ ಸೂರು, ಹೆಂಡತಿಯ ದುಡಿಮೆ, ಪಿ.ಎಫ್. ಇವೆಲ್ಲ ಜತೆ ಸೇರಬೇಕು.

ಫ್ಯಾಕ್ಟರಿ, ಗಾರ್ಮೆಂಟ್ಸ್, ಷೋರೂಮ್, ಎಲ್ಲೇ ಇರು, ಪಿ.ಎಫ್. ಕಟ್ ಆಗ್ತಿದ್ದರೆ ನೀನು ಅದೃಷ್ಟವಂತ. ಕೆಲಸ ಬದಲಾಯಿಸಿದ ತಕ್ಷಣ ಅದನ್ನು ಬಿಡಿಸಿಕೊಂಡು ಬೈಕ್ ತಗೋಬೇಡ. ಹೊಸ ಕೆಲಸಕ್ಕೆ ವರ್ಗ ಮಾಡಿಸು. ಪಿ.ಎಫ್. ಇಲ್ಲದವರಿಗೆ ಪಿ.ಪಿ.ಎಫ್. ಉಂಟು, 15 ವರ್ಷದ್ದು. 2009ರಿಂದ ಎನ್.ಪಿ.ಎಸ್. ಕೂಡ ಎಲ್ಲರಿಗೂ ತೆರೆದಿದೆ. 2015ರಲ್ಲಿ ಅಟಲ್ ಪಿಂಚಣಿ ಯೋಜನೆ ಬಂತು. 18ರಿಂದ 40 ವರ್ಷದವರು ಸೇರಬಹುದು, ಆದಾಯ ತೆರಿಗೆ ಕಟ್ಟೋರು 2022ರ ಅಕ್ಟೋಬರ್‌ನಿಂದ ಸೇರುವಂತಿಲ್ಲ. 25ರಲ್ಲಿ ಸೇರಿ ತಿಂಗಳಿಗೆ 376 ರೂಪಾಯಿ ಕಟ್ಟಿದರೆ 60 ಆದ ಮೇಲೆ ತಿಂಗಳಿಗೆ 5,000 ಪಿಂಚಣಿ. ಒಳ್ಳೇದೇ, ಸೇರು. ಆದರೆ ಅದೊಂದನ್ನೇ ನೆಚ್ಚಿಕೊಂಡು ಕೂರಬೇಡ. ಶೇ. 6ರಂತೆ ಬೆಲೆ ಏರಿದರೆ 35 ವರ್ಷದ ಆಚೆಗಿನ 5,000ಕ್ಕೆ ಇವತ್ತಿನ 650 ರೂಪಾಯಿಯ ಸಾಮಾನು ಬರುತ್ತೆ, ಅಷ್ಟೇ!

ಚಿತ್ರರಂಗದ ಕೆಲಸಗಾರರಿಗೆ ಅಂತ ಕೇಂದ್ರ ಸರ್ಕಾರ 1981ರಲ್ಲೇ ಕಲ್ಯಾಣ ನಿಧಿ ಕಾಯಿದೆ ಮಾಡಿತ್ತು. 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲವೂ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಮಸೂದೆ ಒಪ್ಪಿತು. ಟಿಕೆಟ್ ಮೇಲೆ ಶೇ. 1ರಿಂದ 2ರಷ್ಟು ಸೆಸ್ ಹಾಕಲು ಅದರಲ್ಲಿ ಅವಕಾಶ. ಬರಲಿ, ಬಂದಷ್ಟೂ ಒಳ್ಳೆಯದು. ಆದರೆ ಕಾಯಿದೆಯನ್ನು ನಂಬಿಕೊಂಡು ಯಾರೂ ಕೈ ಖಾಲಿ ಮಾಡಿಕೊಳ್ಳಬಾರದು.

ಖಳನಾಯಕರು ನಾಲ್ವರು

ಕೂಡಿಟ್ಟ ಗಂಟಿಗೆ ನಾಲ್ಕು ಜನ ಖಳನಾಯಕರು.

ಮೊದಲನೆಯವನು ಆಸೆ. ಬ್ಯಾಂಕಿಗಿಂತ ಎರಡು ಮೂರು ಪಟ್ಟು ಕೊಡ್ತೀನಿ ಅನ್ನೋನು. 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಐ.ಎಂ.ಎ. ಕುಸಿದಾಗ ಬಾಗಿಲ ಮುಂದೆ ನಿಂತ ಸಾವಿರಾರು ಜನರ ಮುಖ ನೆನಪಿರಲಿ.

ಎರಡನೆಯವನು ಕಾಯಿಲೆ. 'ಶೋಲೆ'ಯ ಇಮಾಮ್ ಸಾಹೇಬರು ನೆನಪಿದ್ದಾರಾ? ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ. ಆ ಪಾತ್ರ ಮಾಡಿದ ಎ.ಕೆ. ಹಾನಗಲ್ ಇನ್ನೂರಕ್ಕೂ ಹೆಚ್ಚು ಚಿತ್ರದಲ್ಲಿ ನಟಿಸಿದವರು, 2006ರಲ್ಲಿ ಪದ್ಮಭೂಷಣ ಪಡೆದವರು. 2011ರಲ್ಲಿ ಔಷಧಿ ಖರ್ಚಿಗೇ ಕಷ್ಟವಾಗಿ, ಸುದ್ದಿ ತಿಳಿದ ಚಿತ್ರರಂಗದವರು ನೆರವಿಗೆ ಬಂದರು. ಪದವಿ ಆಸ್ಪತ್ರೆ ಬಿಲ್ ಕಟ್ಟಲ್ಲ ಮಿತ್ರರೇ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಅಂತ ಬಂತು. 60ರಿಂದ 70ರ ನಡುವಿನ ಹತ್ತು ವರ್ಷಕ್ಕೆ ಆರೋಗ್ಯ ವಿಮೆ ನಾವೇ ಮಾಡಿಸಿಕೊಳ್ಳಬೇಕು. ಅದೂ ಮೈ ಗಟ್ಟಿಯಿರುವಾಗಲೇ.

ಮೂರನೆಯದು ಅವಸರದ ದಾನಪತ್ರ. ಬದುಕಿರುವಾಗಲೇ ಮನೆ ಮಕ್ಕಳ ಹೆಸರಿಗೆ ಬರೆದುಬಿಡೋದು. 2007ರಲ್ಲಿ ಬಂದ ತಂದೆತಾಯಿ, ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ 23ನೇ ಕಲಂ ಹಿರಿಯರ ಕೈಹಿಡಿಯುತ್ತೆ. ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ ಆ ಪತ್ರ ರದ್ದು ಮಾಡಿಸಬಹುದು. ಆದ್ದರಿಂದ ಬರೆಯೋದೇ ಆದರೆ ಷರತ್ತು ಪತ್ರದಲ್ಲೇ ಇರಲಿ.

ನಾಲ್ಕನೆಯ ಖಳನಾಯಕ ಯಾರು ಗೊತ್ತಾ? ಬೇಜಾರು ಮಾಡಿಕೋಬೇಡಿ. ನೀವೇ! "ಅಪ್ಪಾ, ಪಿ.ಎಫ್. ದುಡ್ಡು ಬಂತಲ್ಲ, ಒಂದು ಕಾರು ತಗೊಳ್ಳೋಣ." "ಅಪ್ಪಾ, ಒಂದು ಹತ್ತು ಲಕ್ಷ ಕೊಡು, ಸ್ನೇಹಿತರೆಲ್ಲ ಸೇರಿ ಸಿನಿಮಾ ತೆಗೀತೀವಿ, ಡಬಲ್ ಮಾಡಿ ಕೊಡ್ತೀನಿ." ಭಗವಾನ್ ದಾದಾ ತಮ್ಮ ಗಂಟನ್ನು ತಾವೇ ಪರದೆಗೆ ಸುರಿದರು. ನೀವು ಸುರಿಯೋಕೆ ಹೊರಟಿರೋದು ಅಪ್ಪನ ಗಂಟನ್ನು. ನಿಮಗೆ ಸೋತರೂ ಎದ್ದು ನಿಲ್ಲೋಕೆ 35 ವರ್ಷ ಇದೆ. ಅವರಿಗೆ ಇಲ್ಲ. ಸಿನಿಮಾ ಮಾಡೋ ಆಸೆ ತಪ್ಪಲ್ಲ, ಖಂಡಿತ ಮಾಡಿ. ಸ್ವಂತ ದುಡಿಮೆಯಲ್ಲಿ ಮಾಡಿ, ಇಲ್ಲಾ ನಷ್ಟ ತಡ್ಕೊಳ್ಳೋ ತಾಕತ್ತಿರುವ ನಿರ್ಮಾಪಕರ ದುಡ್ಡಲ್ಲಿ ಮಾಡಿ. ಅಪ್ಪನ ಸೆಕೆಂಡ್ ಷೋ ಟಿಕೆಟ್ ಹರಿದು ನಿಮ್ಮ ಮುಹೂರ್ತ ಮಾಡಬೇಡಿ.

ಈ ವಾರ ನೆಚ್ಚಿನ ನಟನ ಚಿತ್ರ ನೋಡಿ, ಶಿಳ್ಳೆ ಹೊಡೀರಿ, ಬೇಡ ಅನ್ನೋರು ಯಾರು? ಆದರೆ ಕಟೌಟಿಗೆ ಹಾಲು ಹೊಯ್ಯೋ ದುಡ್ಡಿದೆಯಲ್ಲ, ಅದನ್ನು ನಾಳೆ ಬೆಳಗ್ಗೆ ಪೋಸ್ಟ್ ಆಫೀಸಿಗೆ ತಗೊಂಡು ಹೋಗಿ ಒಂದು ಖಾತೆ ತೆರೀರಿ. ನಾಮಿನಿ ಕಾಲಂನಲ್ಲಿ ಅಮ್ಮನ ಹೆಸರು ಬರೀರಿ. ಮನೆಗೆ ಬಂದು ಅಪ್ಪನ್ನ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿ: "ಅಪ್ಪಾ, ನಮ್ಮ ಮನೆ ಖರ್ಚು ತಿಂಗಳಿಗೆ ನಿಜವಾಗಿ ಎಷ್ಟು?"